3000 ಮಿ.ಮೀ. ಮಳೆ, ಏಪ್ರಿಲ್‌ಗೆ ಬಾವಿ ಉಪ್ಪು: ಕಡಲಂಚಿನ ಹೊಸ ಬಡಾವಣೆಗೆ ನೀರು ಎಲ್ಲಿಂದ?

ಕೋಡಿಬಾಗ_ಕಟ್ಟೆ

ಕಾರವಾರದಲ್ಲಿ ಕಾಳಿ ಅಳಿವೆಗೂ ಸಮುದ್ರಕ್ಕೂ ನಡುವಿನ ಮರಳು ನೆಲದಲ್ಲಿ ಮನೆಗಳು ಏಳ್ತಾನೇ ಇವೆ. ನಾಲ್ಕು ಮನೆಗೆ ಒಂದು ಬಾವಿ ಇದ್ದಲ್ಲಿ ಈಗ ನಲವತ್ತು ಮನೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: 40 ಮನೆ, 180 ಜನ, ಸಮುದ್ರದಿಂದ ಅರ್ಧ ಕಿಲೋಮೀಟರ್ ಆಚೆ, 5 ಅಡಿ ಅಗಲದ ಒಂದು ರಿಂಗ್ ಬಾವಿ (24 ಅಡಿ ಆಳ), 180 ಅಡಿಯ ಒಂದು ಬೋರ್, ಜೊತೆಗೆ ದಿನ ಬಿಟ್ಟು ದಿನ ಬರುವ ನಳದ ನೀರು. ಬಾವಿ ನೀರು ಸಂಕ್ರಾಂತಿವರೆಗೆ ಚೆನ್ನಾಗಿರ್ತದೆ, ಯುಗಾದಿ ಹೊತ್ತಿಗೆ ನಾಲಿಗೆಗೆ ಉಪ್ಪು ಹತ್ತುತ್ತದೆ. ಬೋರ್ ನೀರು ವರ್ಷವಿಡೀ ಸವಳು.

ಜನರ ಮುಂದೆ ಮೂರು ಸಲಹೆ ಇವೆ. ಬೋರನ್ನು 400 ಅಡಿಗೆ ಇಳಿಸುವುದು, ಎಲ್ಲರಿಗೂ ಸೇರಿ ಒಂದು ಆರ್‌ಒ (ಒತ್ತಡದಿಂದ ನೀರಿನ ಉಪ್ಪು ಸೋಸುವ) ಘಟಕ ಹಾಕುವುದು, ಬೇಸಿಗೆಗೆ ಟ್ಯಾಂಕರ್ ಗೊತ್ತು ಮಾಡುವುದು. ಯಾವುದಕ್ಕೆ ದುಡ್ಡು ಹಾಕಬೇಕು? ವಿಷಯ ಗೊತ್ತಿದ್ದವರು ಅಂಕಿ ಸಮೇತ ಹೇಳಿ.

ಉಪ್ಪುಬಾವಿ

ಮೊದಲನೆಯದನ್ನು ಇವತ್ತೇ ಕೈಬಿಡಿ. ಬಯಲುಸೀಮೆಯಲ್ಲಿ ಆಳಕ್ಕೆ ಹೋದರೆ ನೀರು ಸಿಗಬಹುದು. ಕಡಲಂಚಿನಲ್ಲಿ ಆಳಕ್ಕೆ ಹೋದರೆ ಸಿಗುವುದು ಸಮುದ್ರ.

ಮಳೆನೀರು ಹಗುರ, ಸಮುದ್ರದ ನೀರು ಭಾರ. ಮರಳಿನೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಎರಡರ ತೂಕದ ವ್ಯತ್ಯಾಸ ನೂರಕ್ಕೆ ಎರಡೂವರೆಯಷ್ಟೇ. ಹಾಗಾಗಿ ಬಾವಿಯ ನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ 1 ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ನಿಂತಿದೆ ಎಂದು ಲೆಕ್ಕ. ಇದನ್ನೇ ತಿರುಗಿಸಿ ನೋಡಿ: ಪಂಪ್ ಹಾಕಿ ಮಟ್ಟವನ್ನು 1 ಅಡಿ ಇಳಿಸಿ ಹಾಗೇ ಇಟ್ಟರೆ, ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಅಡಿ ಮೇಲೇರಲು ದಾರಿಯಾಯಿತು. ಬಾವಿಯ ನೇರ ಕೆಳಗಂತೂ ಅದು ಗೋಪುರದ ಹಾಗೆ ಎದ್ದು ಬರುತ್ತದೆ. ಒಮ್ಮೆ ಎದ್ದದ್ದು ಪಂಪ್ ನಿಲ್ಲಿಸಿದ ಕೂಡಲೇ ಇಳಿಯುವುದಿಲ್ಲ, ಮುಂದಿನ ಮಳೆಗಾಲ ಬಂದು ತಳ್ಳಬೇಕು.

ಬೋರ್ ಗಟ್ಟಿ ಕಲ್ಲಿನ ಬಿರುಕುಗಳಿಂದ ನೀರು ಎಳೆಯುತ್ತದೆ. ಬಿರುಕು ಎಲ್ಲಿಗೆ ಹೋಗಿ ಕೂಡಿದೆ ಎಂದು ಮೇಲಿನಿಂದ ಹೇಳಲಾಗದು. ಅಳಿವೆಯ ಪಕ್ಕದಲ್ಲಿ ಅದು ಉಪ್ಪುನೀರಿಗೇ ಕೂಡಿರುವ ಸಾಧ್ಯತೆ ಹೆಚ್ಚು. ಸುಂಕೇರಿ, ಕಡವಾಡದ ಹತ್ತಿರ ಕಾಳಿ ನೋಡಲು ನದಿ, ಆದರೆ ಅದು ಭರತಿ-ಇಳಿತ ಇರುವ ನೀರು. ಸಮುದ್ರ ದೂರ ಇದೆ ಎಂದುಕೊಂಡು ನದಿ ಪಕ್ಕ ಬೋರ್ ಹೊಡೆಸಿದರೂ ಫಲ ಅದೇ.

ಇನ್ನೊಂದು ಮಾತು. ಕರಾವಳಿ ನಿಯಂತ್ರಣ ವಲಯದೊಳಗೆ, ಅದರಲ್ಲೂ ಭರತಿ ರೇಖೆಯಿಂದ 200 ಮೀಟರ್ ಒಳಗೆ, ಅಂತರ್ಜಲ ಎತ್ತುವುದಕ್ಕೆ ನಿರ್ಬಂಧಗಳಿವೆ. ಬೋರ್ ಗಾಡಿಯವರು ಇದನ್ನೆಲ್ಲ ನಿಮಗೆ ಹೇಳಲಿಕ್ಕಿಲ್ಲ.

ಕೋಡಿಬಾಗ_ಕಟ್ಟೆ

ಹಾಗಾದರೆ 180 ಅಡಿಯ ಬೋರ್ ದಂಡವೇ?

ಉಪ್ಪುಬಾವಿ

ದಂಡ ಅಂತಲ್ಲ. ಶೌಚದ ಫ್ಲಶ್‌ಗೆ, ಅಂಗಳ ತೊಳೆಯಲು ಬೇರೆ ಪೈಪ್‌ನಲ್ಲಿ ಕೊಡಬಹುದು. ಆದರೆ ಅದು ಓಡಿದಷ್ಟೂ ಬಾವಿಗೆ ತೊಂದರೆ ಆಗುತ್ತಿದೆಯೋ ಅಂತ ನೋಡಬೇಕು. ಒಂದು ವಾರ ಬೋರ್ ಬಂದ್ ಮಾಡಿ, ಬಾವಿಯ ಮಟ್ಟ ಮತ್ತು ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಬರೆದಿಡಿ. ಮುಂದಿನ ವಾರ ಬೋರ್ ಓಡಿಸಿ ಮತ್ತೆ ಬರೆಯಿರಿ. ವ್ಯತ್ಯಾಸ ಕಂಡರೆ ಬೋರ್‌ಗೆ ಮುಚ್ಚಳ ಹಾಕಿ.

ಫುಟ್‌ವಾಲ್ವ್

ಬಾವಿ ಹಾಳಾಗುವುದು ಮುಕ್ಕಾಲು ಪಾಲು ಪಂಪ್‌ನಿಂದ. 5 ಅಡಿ ರಿಂಗ್ ಅಂದರೆ ಸುಮಾರು ಒಂದೂವರೆ ಮೀಟರ್ ಅಗಲ, ಅಡ್ಡಳತೆಯ ಕ್ಷೇತ್ರ 1.77 ಚದರ ಮೀಟರ್. ಅಂದರೆ ಬಾವಿಯಲ್ಲಿ ಒಂದು ಅಡಿ ನೀರು ಎಂದರೆ ಸುಮಾರು 540 ಲೀಟರ್. ಇದಕ್ಕೆ ಗಂಟೆಗೆ 3000 ಲೀಟರ್ ಎಳೆಯುವ 1 ಎಚ್‌ಪಿ ಮೋಟಾರ್ ಕೂರಿಸಿದರೆ ಹತ್ತು ಹನ್ನೊಂದು ನಿಮಿಷಕ್ಕೆ ಮಟ್ಟ ಒಂದಡಿ ಕುಸಿಯುತ್ತದೆ. ಮೇಲೆ ಹೇಳಿದ 40 ಅಡಿ ಲೆಕ್ಕ ನೆನಪಿರಲಿ.

ಮೊದಲು ಬಾವಿಯ ಒರತೆ ಅಳೆಯಿರಿ. ಮಾರ್ಚ್‌ನ ಒಂದು ಬೆಳಿಗ್ಗೆ ಮಟ್ಟ ಗುರುತು ಮಾಡಿ, ಪಂಪ್ ಹಾಕಿ ಎರಡಡಿ ಇಳಿಸಿ ನಿಲ್ಲಿಸಿ. ನೀರು ಮೊದಲ ಒಂದಡಿ ಏರಲು ಎಷ್ಟು ಹೊತ್ತು ಹಿಡಿಯಿತು ನೋಡಿ. ಒಂದು ಗಂಟೆ ಹಿಡಿದರೆ ಒರತೆ ಗಂಟೆಗೆ 540 ಲೀಟರ್. ಪಂಪ್ ಎಳೆಯುವುದು ಸರಾಸರಿ ಅದಕ್ಕಿಂತ ಕಡಿಮೆ ಇರಬೇಕು, ಹೆಚ್ಚು ಬೇಡವೇ ಬೇಡ. ದೊಡ್ಡ ಮೋಟಾರ್ ಈಗಾಗಲೇ ಇದ್ದರೆ ಹೊರಹೋಗುವ ಪೈಪ್‌ನಲ್ಲಿ ಗೇಟ್ ವಾಲ್ವ್ ಹಾಕಿ ಬಿಗಿ ಮಾಡಿ. ಹೀರುವ ಪೈಪ್‌ನಲ್ಲಿ ಬಿಗಿ ಮಾಡಿದರೆ ಆವಿಯ ಗುಳ್ಳೆ ಎದ್ದು ಇಂಪೆಲ್ಲರ್ (ಪಂಪ್‌ನೊಳಗೆ ತಿರುಗುವ ಚಕ್ರ) ಕೆಡುತ್ತದೆ. ಅರ್ಧ ಎಚ್‌ಪಿಗೆ ಇಳಿಸಿದರೆ ಇನ್ನೂ ಒಳ್ಳೆಯದು. ಟೈಮರ್ ಸ್ವಿಚ್ ಹಾಕಿ, 10 ನಿಮಿಷ ಓಡಿ ಒಂದೂವರೆ ಗಂಟೆ ವಿಶ್ರಾಂತಿ. ರಾತ್ರಿಯೂ ಹೀಗೇ ಓಡಲಿ. ಬೆಳಿಗ್ಗೆ ಆರಕ್ಕೆ ಎದ್ದು ಎಲ್ಲಾ ನೀರನ್ನೂ ಒಂದೇ ಸಲ ಎಳೆಯುವ ಚಾಳಿ ಬಿಡಬೇಕು.

ಫುಟ್ ವಾಲ್ವನ್ನು (ಹೀರುವ ಪೈಪಿನ ತುದಿಯ ಕವಾಟ) ಬಾವಿಯ ತಳಕ್ಕೆ ಬಿಡಬೇಡಿ. ಭಾರದ ನೀರು ತಳದಲ್ಲೇ ಇರುವುದು. ಗಾಳಿ ಹೋಗದ ಹಾಗೆ ಮುಚ್ಚಿದ ಎರಡು 20 ಲೀಟರ್ ಕ್ಯಾನ್ ತೇಲಿಬಿಟ್ಟು, ಅವಕ್ಕೆ ಫುಟ್ ವಾಲ್ವ್ ಕಟ್ಟಿ, ನೀರಿನ ಮೇಲ್ಮಟ್ಟದಿಂದ ಒಂದೂವರೆ ಅಡಿ ಕೆಳಗೆ ನಿಲ್ಲುವಂತೆ ಮಾಡಿ. ಹೀರುವ ಪೈಪ್ ಕೊನೆಯ ಭಾಗ ಬಳುಕುವ, ಆದರೆ ಒಳಗೆ ಕುಸಿಯದ, ಸುರುಳಿ ಬಲದ ಹೋಸ್ ಆಗಿರಲಿ. ಒಣ ಓಟ ತಡೆಯುವ ರಿಲೇ ಇಲ್ಲದೆ ಇದನ್ನು ಮಾಡಬೇಡಿ, ಮಟ್ಟ ಇಳಿದಾಗ ಹೋಸ್ ಮಡಚಿ ಗಾಳಿ ಹಿಡಿದರೆ ಸೀಲ್ ಸುಡುತ್ತದೆ.

ಕಡಲಂಚಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಬೇಡ. ಸ್ಟೀಲ್ ಎಂದು 304 ದರ್ಜೆಯದನ್ನು ಕೊಟ್ಟರೆ ಕ್ಲೋರೈಡ್‌ಗೆ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಹಾಕಿ, ಸ್ಟೀಲೇ ಬೇಕಾದ ಜಾಗದಲ್ಲಿ 316 ದರ್ಜೆ ಕೇಳಿ.

ನೀರು_ಪರೀಕ್ಷೆ

ಟಿಡಿಎಸ್ ಮೀಟರ್ ಒಂದನ್ನೇ ನಂಬಿ ಕೂತವರಿಗೆ ಒಂದೆರಡು ಮಾತು. ಆ ಕಡ್ಡಿ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ ಅಂದಾಜು ಸಂಖ್ಯೆ ತೋರಿಸುತ್ತದೆ ಅಷ್ಟೆ. ಉಪ್ಪು ಏರುತ್ತಿದೆಯೋ ಇಲ್ಲವೋ ನೋಡಲು ಬಹಳ ಒಳ್ಳೆಯ ಉಪಕರಣ. ಆದರೆ ಶೌಚದ ಗುಂಡಿಯ ಕ್ರಿಮಿ ಅದಕ್ಕೆ ಕಾಣದು, ಕಬ್ಬಿಣವೂ ಬೇರೆಯಾಗಿ ಕಾಣದು. 90 ಟಿಡಿಎಸ್ ಇರುವ ಬಾವಿಯಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ತುಂಬಿರಬಹುದು.

ಭಾರತೀಯ ಮಾನಕ 10500ರ ಪ್ರಕಾರ ಟಿಡಿಎಸ್ ಲೀಟರ್‌ಗೆ 500 ಮಿ.ಗ್ರಾಂ. ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 2000ವರೆಗೆ ಒಪ್ಪಿಗೆ. ಕ್ಲೋರೈಡ್ 250, ಬೇರೆ ದಾರಿ ಇಲ್ಲದಿದ್ದರೆ 1000. ಪಿಎಚ್ 6.5ರಿಂದ 8.5. ನೈಟ್ರೇಟ್ 45 ದಾಟಬಾರದು. ಇ. ಕೋಲಿ 100 ಮಿ.ಲೀ.ನಲ್ಲಿ ಒಂದೂ ಇರಕೂಡದು, ಇಲ್ಲಿ ರಿಯಾಯಿತಿ ಇಲ್ಲ.

ಸಮುದ್ರವೇ ಬಂದಿದೆಯೋ ಬೇರೆ ಏನೋ ಎಂದು ತಿಳಿಯಲು ಟಿಡಿಎಸ್ ಜೊತೆ ಕ್ಲೋರೈಡ್ ಮಾಡಿಸಿ. ಸಮುದ್ರದ ನೀರಲ್ಲಿ ಲೀಟರ್‌ಗೆ ಸುಮಾರು 35,000 ಮಿ.ಗ್ರಾಂ. ಲವಣ, ಅದರಲ್ಲಿ 19,000 ಕ್ಲೋರೈಡ್, ಅರ್ಧಕ್ಕಿಂತ ಹೆಚ್ಚು. ನೂರು ಕೊಡ ಬಾವಿ ನೀರಿಗೆ ಎರಡೇ ಕೊಡ ಸಮುದ್ರ ಸೇರಿದರೂ ಕ್ಲೋರೈಡ್ 380ರಷ್ಟು ಏರಿ ಮಿತಿ ದಾಟುತ್ತದೆ. ಟಿಡಿಎಸ್ ಏರಿಕೆಯ ಅರ್ಧದಷ್ಟು ಕ್ಲೋರೈಡೇ ಇದ್ದರೆ ಅದು ಕಡಲು. ಕ್ಲೋರೈಡ್ ಕಡಿಮೆ, ನೈಟ್ರೇಟ್ ಹೆಚ್ಚು ಇದ್ದರೆ ಪಕ್ಕದ ಶೌಚದ ಗುಂಡಿ ನೋಡಿ.

ಮಾದರಿ ಹಿಡಿಯುವುದರಲ್ಲೇ ಅರ್ಧ ತಪ್ಪಾಗುವುದು. ಯಾವಾಗಲೂ ಒಂದೇ ಹೊತ್ತು, ಒಂದೇ ಆಳ. ಭರತಿ ಇದ್ದಾಗ ಒಮ್ಮೆ, ಪೂರ್ತಿ ಇಳಿದಾಗ ಒಮ್ಮೆ ಅಳೆದು ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಿಗೆ ಸಂಖ್ಯೆ ಏರಿಳಿದರೆ ಅಳಿವೆಗೂ ಬಾವಿಗೂ ನೇರ ಸಂಪರ್ಕ ಇದೆ. ಒಂದು ಬಳಪದ ಹಲಗೆ ಬಾವಿಕಟ್ಟೆಗೆ ತೂಗುಹಾಕಿ, ತಿಂಗಳ 1 ಮತ್ತು 15ಕ್ಕೆ ಮಟ್ಟ ಮತ್ತು ಟಿಡಿಎಸ್ ಬರೆಯಿರಿ. ಮೂರು ವರ್ಷದ ಹಲಗೆ ಯಾವ ತಜ್ಞನ ವರದಿಗಿಂತ ಕಡಿಮೆಯಲ್ಲ.

ಶಿರಸಿ_ಸೊಪ್ಪಿನಬೆಟ್ಟ

ಘಟ್ಟದ ಮೇಲಿನವರು ಉಪ್ಪಿನ ಗೋಳಿಗೆ ತಲೆಹಾಕಬಾರದು, ಆದರೂ ಕಬ್ಬಿಣದ ಮಾತು ಬಿಟ್ಟುಹೋಗ್ತಾ ಇದೆ. ಶಿರಸಿ, ಸಿದ್ದಾಪುರದ ಚಿರೆಕಲ್ಲಿನ ನೆಲದಲ್ಲಿ ಹೇಗೋ, ಕುಮಟಾ, ಹೊನ್ನಾವರದ ಚಿರೆಗುಡ್ಡದ ಬುಡದಲ್ಲೂ ಹಾಗೇ. ನೀರು ಮೆದು, ಟಿಡಿಎಸ್ 100ರ ಸುತ್ತ, ಪಿಎಚ್ ಆರಕ್ಕಿಂತ ಕೆಳಗೂ ಇಳಿಯುತ್ತದೆ. ಎತ್ತುವಾಗ ಗಾಜಿನ ಹಾಗೆ ತಿಳಿ. ಕೊಡದಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಕೆಂಪು. ಚಹಾ ಮಾಡಿದರೆ ಕಪ್ಪಗೆ, ಬಿಳಿ ಪಂಚೆ ತೊಳೆದರೆ ಹಳದಿ. ಕಬ್ಬಿಣ ಲೀಟರ್‌ಗೆ 0.3 ಮಿ.ಗ್ರಾಂ. ದಾಟಿದರೆ ಕಲೆ ಹಿಡಿಯಲು ಶುರು.

ಬಾವಿ ನೀರಿನ ಮೇಲೆ ಎಣ್ಣೆಯ ಹಾಗೆ ಬಣ್ಣ ಬಣ್ಣದ ಪದರ ಕಂಡರೆ ಹೆದರಬೇಡಿ, ಒಂದು ಕಡ್ಡಿಯಿಂದ ಚುಚ್ಚಿ. ಗಾಜಿನ ಚೂರಿನಂತೆ ಒಡೆದು ಬೇರೆ ಬೇರೆಯಾದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ. ಸುತ್ತಿ ಮತ್ತೆ ಕೂಡಿಕೊಂಡರೆ ನಿಜವಾಗಿಯೂ ಡೀಸೆಲ್ಲೋ ಎಣ್ಣೆಯೋ ಬಿದ್ದಿದೆ, ಆ ನೀರು ಬಿಟ್ಟುಬಿಡಿ.

ಕಬ್ಬಿಣ ತೆಗೆಯಲು ದುಬಾರಿ ಯಂತ್ರ ಬೇಡ. ಗಾಳಿ ಕೊಡಬೇಕು, ಕೂರಿಸಬೇಕು, ಮರಳಲ್ಲಿ ಸೋಸಬೇಕು. ಒಂದು ಮನೆಗೆ ಹೀಗೆ: ಮೇಲೆ ತೂತು ಕೊರೆದ ಮೂರು ತಟ್ಟೆಗಳು, ಒಂದರ ಕೆಳಗೊಂದು ಒಂದಡಿ ಅಂತರದಲ್ಲಿ, ಒಳಗೆ 20 ಮಿ.ಮೀ. ಜಲ್ಲಿ. ನೀರು ಶವರ್‌ನಿಂದ ಹನಿಯಾಗಿ ಇವುಗಳ ಮೇಲೆ ಬೀಳಲಿ. ಕೆಳಗಿನ ಟ್ಯಾಂಕಿಯಲ್ಲಿ ಮೂರು ನಾಲ್ಕು ಗಂಟೆ ನಿಲ್ಲಲಿ. ಆಮೇಲೆ 200 ಲೀಟರ್ ಡ್ರಮ್‌ನ ಸೋಸುಗ: ತಳಕ್ಕೆ ತೂತಿನ ಪೈಪ್, ಅದರ ಮೇಲೆ ಅರ್ಧ ಅಡಿ ಜಲ್ಲಿ (ದೊಡ್ಡದು ಕೆಳಗೆ, ಬೇಳೆಗಾತ್ರದ್ದು ಮೇಲೆ), ಅದರ ಮೇಲೆ ಎರಡಡಿ ತೊಳೆದ ಹೊಳೆ ಮರಳು, ಕಾಳು ಅರ್ಧದಿಂದ ಒಂದು ಮಿ.ಮೀ. ಗಂಟೆಗೆ 150 ಲೀಟರ್‌ಗಿಂತ ಹೆಚ್ಚು ಹರಿಸಬೇಡಿ. ಹರಿವು ನಿಧಾನವಾದಾಗ ಮೇಲಿನ ಒಂದಿಂಚು ಮರಳು ಕೆರೆದು ತೊಳೆದು ಹಾಕಿ. ಕಡಲ ಮರಳು ತಂದು ಹಾಕುವವರೂ ಇದ್ದಾರೆ ಮಾರಾಯ್ರೆ! ಅದರಲ್ಲಿ ಉಪ್ಪೂ ಇದೆ, ಕಾಳೂ ನಯವಾಗಿ ಕಟ್ಟಿಕೊಳ್ಳುತ್ತದೆ.

ಇಷ್ಟು ಮಾಡಿಯೂ ಕೆಂಪು ಹೋಗದಿದ್ದರೆ ಕಾರಣ ಬಹುತೇಕ ಪಿಎಚ್. ಪಿಎಚ್ ಒಂದು ಅಂಕ ಇಳಿದರೆ ಕಬ್ಬಿಣ ತುಕ್ಕಾಗುವ ವೇಗ ನೂರು ಪಟ್ಟು ಇಳಿಯುತ್ತದೆ. ತಟ್ಟೆಗಳಲ್ಲಿ ಜಲ್ಲಿಯ ಬದಲು ಅಮೃತಶಿಲೆಯ ಚೂರು ಅಥವಾ ಸುಣ್ಣಕಲ್ಲಿನ ಹರಳು ಹಾಕಿ, ಅದು ಕರಗಿ ಪಿಎಚ್ ಏರಿಸುತ್ತದೆ. ಕರಗಿದಷ್ಟು ಮತ್ತೆ ತುಂಬಬೇಕು.

ಗಜನಿ_ಬದು

ಅಘನಾಶಿನಿ ಕಡೆ ಅಮೃತಶಿಲೆ ಹುಡುಕಬೇಕಿಲ್ಲ. ಹಿನ್ನೀರಿನ ಚಿಪ್ಪು ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿ, ಒಡೆದು ಹಾಕಿದರೆ ಅದೂ ಅದೇ ಸುಣ್ಣವೇ. ಸುಟ್ಟ ಸುಣ್ಣ ಮಾತ್ರ ಹಾಕಬೇಡಿ, ಅಳತೆ ತಪ್ಪಿದರೆ ಪಿಎಚ್ ಹತ್ತರ ಮೇಲೆ ಹೋಗುತ್ತದೆ.

ಭಟ್ಕಳ_ಟು_ದುಬೈ

ಎರಡನೇ ಸಲಹೆ, ಆರ್‌ಒ. ಕೊಲ್ಲಿ ದೇಶಗಳ ಊರುಗಳು ಮರುಭೂಮಿಯಲ್ಲಿ ಬೆಳೆದದ್ದೇ ಸಮುದ್ರದ ನೀರು ಸಿಹಿ ಮಾಡಿ. ಅಲ್ಲಿ ಬೇರೆ ದಾರಿ ಇಲ್ಲ, ವಿದ್ಯುತ್ ಇದೆ, ದುಡ್ಡಿದೆ. ಸಮುದ್ರದ ನೀರನ್ನು ಆರ್‌ಒ ಮಾಡಲು 1000 ಲೀಟರ್‌ಗೆ 3ರಿಂದ 4 ಯೂನಿಟ್ ಬೇಕು. ನಿಮ್ಮ ಸವಳು ಬೋರ್‌ಗೆ 1ರಿಂದ 2 ಯೂನಿಟ್ ಸಾಕಾದೀತು. ಕಷ್ಟ ಇರುವುದು ಕರೆಂಟ್‌ನಲ್ಲಿ ಅಲ್ಲ.

ಕಬ್ಬಿಣ ಇರುವ ನೀರನ್ನು ನೇರ ಮೆಂಬ್ರೇನ್‌ಗೆ (ಆರ್‌ಒದ ಉಪ್ಪು ಸೋಸುವ ಪೊರೆ) ಕೊಟ್ಟರೆ ಕೆಲವೇ ತಿಂಗಳಲ್ಲಿ ಅದು ಕೆಂಪು ಕೆಸರು ಕಟ್ಟಿ ಸಾಯುತ್ತದೆ. ಶಿರಸಿಯವರು ಹೇಳಿದ ಸೋಸುವ ಕೆಲಸ ಮೊದಲು ಆಗಲೇಬೇಕು. ಬ್ಲೀಚಿಂಗ್ ಹಾಕಿದ ನೀರೂ ಮೆಂಬ್ರೇನ್ ತಿನ್ನುತ್ತದೆ, ಮುಂದೆ ಇಂಗಾಲದ ಸೋಸುಗ ಇರಬೇಕು. ಮೆದುಗೊಳಿಸುವ ಯಂತ್ರ, ಅದೇ ಸಾಫ್ಟ್‌ನರ್, ಉಪ್ಪು ತೆಗೆಯುವುದಿಲ್ಲ. ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಉಪ್ಪು ಬಾವಿಗೆ ಅದನ್ನು ಮಾರುವವರಿಂದ ದೂರ ಇರಿ.

ದೊಡ್ಡ ಪ್ರಶ್ನೆ ಎಂದರೆ ಘಟಕ ಹೊರಬಿಟ್ಟ ನೀರು. ಸಣ್ಣ ಘಟಕದಲ್ಲಿ ಅರ್ಧ ಒಳ್ಳೆಯ ನೀರು, ಅರ್ಧ ಹೊರಗೆ. 2500 ಟಿಡಿಎಸ್ ಒಳಗೆ ಹೋದರೆ ಬಿಟ್ಟ ನೀರು 5000ದ ಹತ್ತಿರ. ಅದನ್ನು ಅಂಗಳದ ಗುಂಡಿಗೆ ಬಿಟ್ಟರೆ ಮರಳಲ್ಲಿ ಇಂಗಿ ಅದೇ ಬಾವಿಗೆ ವಾಪಸ್ ಬರುತ್ತದೆ. ಮೊದಲ ವರ್ಷ ಘಟಕ ಚೆನ್ನ, ಮೂರನೇ ವರ್ಷ ಬಾವಿ ಬೋರ್‌ಗಿಂತ ಉಪ್ಪು. ತೆಂಗಿನ ಬುಡಕ್ಕೂ ದಿನಾ ಬಿಡಬೇಡಿ. ಜಾಗ ಇರುವುದು ಶೌಚದ ಫ್ಲಶ್ ಒಂದೇ, ಅದಕ್ಕೂ ಗುಂಡಿ ಬಾವಿಯಿಂದ ದೂರ ಇರಬೇಕು.

ಆದ್ದರಿಂದ ಆರ್‌ಒ ಹಾಕಿದರೂ ದಿನದ ಇಡೀ ಬಳಕೆಯ 24,000 ಲೀಟರ್‌ಗೆ ಬೇಡ. ಕುಡಿಯುವುದಕ್ಕೆ, ಅಡುಗೆಗೆ ತಲೆಗೆ 5 ಲೀಟರ್, 180 ಜನಕ್ಕೆ 900. ಅಷ್ಟಕ್ಕೆ ಮಾತ್ರ.

ಉಪ್ಪುಬಾವಿ

ಆ 900 ಎಂಬ ಸಂಖ್ಯೆಯೇ ಇಡೀ ಚರ್ಚೆಯ ಬೀಗದ ಕೈ. ನಗರದ ಅಳತೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಅಂದರೆ 180 ಜನಕ್ಕೆ 24,300. ಅಷ್ಟನ್ನೂ ಸಿಹಿ ಮಾಡಲು ಹೊರಟರೆ ಯಾವ ದಾರಿಯೂ ದುಬಾರಿ. ಸಿಹಿ ಬೇಕಾದದ್ದು 900ಕ್ಕೆ. ಸ್ನಾನಕ್ಕೆ, ಬಟ್ಟೆಗೆ ಸಾವಿರದ ಸುತ್ತಿನ ಟಿಡಿಎಸ್ ಇದ್ದರೂ ನಡೆಯುತ್ತದೆ. ಸಾಬೂನು ನೊರೆ ಬರುವುದಿಲ್ಲ, ಗೀಸರ್ ಕಾಯಿಲ್ ಬೇಗ ಹೋಗುತ್ತದೆ, ಅಷ್ಟೆ.

ಆ 900 ಆಕಾಶದಿಂದ ಬರಲಿ. 100 ಚದರ ಮೀಟರ್ ಛಾವಣಿಗೆ 100 ಮಿ.ಮೀ. ಮಳೆ ಬಿದ್ದರೆ, ಚೆಲ್ಲಿದ್ದು ಹೋಗಿ 8,000 ಲೀಟರ್‌ಗೂ ಹೆಚ್ಚು ಕೈಗೆ ಸಿಗುತ್ತದೆ. ನಾಲ್ಕೂವರೆ ಜನದ ಮನೆಗೆ ಅಕ್ಟೋಬರ್‌ನಿಂದ ಮೇವರೆಗೆ 240 ದಿನ ಕುಡಿಯಲು, ಅಡುಗೆಗೆ ಬೇಕಾದದ್ದು 5,400 ಲೀಟರ್. ಬರೀ ಕೊನೆಯ 100 ಉಪ್ಪು ದಿನಗಳಿಗೆ ಸಾಕು ಎಂದರೆ 2,250. ವರ್ಷಕ್ಕೆ 3000 ಮಿ.ಮೀ. ಬೀಳುವ ಊರಿನಲ್ಲಿ ಇದು ಹೊಳೆಯಲ್ಲಿ ಬೊಗಸೆ ನೀರು.

ಥಾರ್ ಮರುಭೂಮಿಯಲ್ಲಿ ಇದರ ಹತ್ತನೇ ಒಂದು ಪಾಲು ಮಳೆ. ಅಲ್ಲಿನ ಹಳ್ಳಿಗಳು ಅಂಗಳವನ್ನು ಇಳಿಜಾರು ಮಾಡಿ, ಗುಡಿಸಿ, ಜಾನುವಾರು ತುಳಿಯದಂತೆ ಕಾದು, ನಡುವೆ ನೆಲದೊಳಗೆ ತಾಂಕಾ ಎಂಬ ಟ್ಯಾಂಕಿ ಕಟ್ಟಿ ವರ್ಷದ ಕುಡಿಯುವ ನೀರು ಹಿಡಿದಿಡುತ್ತವೆ. ಅದಕ್ಕೆ ಬೇಕಾದ ಜಾಣತನದ ಕಾಲುಭಾಗ ಇದ್ದರೂ ಇಲ್ಲಿ ಸಾಕು.

ಕಟ್ಟುವ ಕ್ರಮ: ಜೂನ್‌ನ ಮಳೆ ಹಿಡಿಯಬೇಡಿ. ಗಾಳಿ ಜೋರು, ಛಾವಣಿಯ ಮೇಲೆ ಕಡಲ ಉಪ್ಪಿನ ಪುಡಿ, ಹಕ್ಕಿ ಹಿಕ್ಕೆ, ಪಾಚಿ. ಎಲ್ಲಾ ತೊಳೆದುಹೋಗಲಿ. ಟ್ಯಾಂಕಿ ತುಂಬುವುದು ಸೆಪ್ಟೆಂಬರ್‌ನಲ್ಲಿ. ಮೂರು ದಿನ ಬಿಸಿಲು ಬಿದ್ದು ಮಳೆ ಬಂದರೆ ಮೊದಲ 1 ಮಿ.ಮೀ., ಅಂದರೆ 100 ಲೀಟರ್, ಹೊರಗೆ ಹೋಗಬೇಕು. 4 ಇಂಚು ಪೈಪ್‌ನಲ್ಲಿ ಮೀಟರ್‌ಗೆ 8 ಲೀಟರ್ ಮಾತ್ರ ಹಿಡಿಯುತ್ತದೆ, ಒಂದು ಉದ್ದ ಪೈಪ್ ನಿಲ್ಲಿಸಿ ಮೊದಲ ನೀರು ಬಿಟ್ಟೆ ಎಂದುಕೊಂಡರೆ ಅದು ಲೆಕ್ಕಕ್ಕೆ ಬಾರದು. 100 ಲೀಟರ್ ಡ್ರಮ್ಮೇ ಇಡಿ, ತಳದಲ್ಲಿ 3 ಮಿ.ಮೀ. ತೂತು ಇರಲಿ, ತಾನಾಗಿ ಖಾಲಿಯಾಗುತ್ತದೆ. ಟ್ಯಾಂಕಿ ನೆರಳಿನಲ್ಲಿರಲಿ, ತುಂಬಿ ಹರಿಯುವ ಬಾಯಿಗೆ ಸೊಳ್ಳೆ ಜಾಲರಿ. ಕಲ್ನಾರು ಶೀಟಿನ ಛಾವಣಿ, ಹೊಸದಾಗಿ ಬಣ್ಣ ಬಳಿದ ತಗಡು ಇದಕ್ಕಾಗದು.

ಕೋಡಿಬಾಗ_ಕಟ್ಟೆ

ಛಾವಣಿ ನೀರನ್ನು ಟ್ಯಾಂಕಿ ಬದಲು ನೇರ ಬಾವಿಗೇ ಬಿಟ್ಟರೆ ಆಗದೇ? ಎಲ್ಲೆಡೆ ಬಾವಿ ಮರುಪೂರಣ ಅಂತಲೇ ಹೇಳ್ತಾರೆ.

ಗಜನಿ_ಬದು

ಜುಲೈಯಲ್ಲಿ ಕೋಡಿಬಾಗದ ಬಾವಿಗೆ ಇಣುಕಿ ನೋಡಿ, ಕೈಗೆ ನೀರು ಸಿಗುವ ಮಟ್ಟದಲ್ಲಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿದರೂ ಹೊರಗೇ. ಸುರಿದದ್ದು ಮರಳಲ್ಲಿ ಸರಿದು ಸಮುದ್ರ ಸೇರುತ್ತದೆ. ಮರುಪೂರಣಕ್ಕೆ ಅರ್ಥ ಬರುವುದು ಮಟ್ಟ ಇಳಿಯಲು ಶುರುವಾದ ಮೇಲೆ. ಅಂದರೆ ಅಕ್ಟೋಬರ್, ನವೆಂಬರ್‌ನ ಬಿಡಿ ಮಳೆ, ಹಳ್ಳದಲ್ಲಿ ಉಳಿದ ಹರಿವು.

ಹಿರಿಯರ ಕಟ್ಟ (ಹಳ್ಳಕ್ಕೆ ಅಡ್ಡ ಹಾಕುವ ಒಡ್ಡು) ಇದಕ್ಕೇ ಇದ್ದದ್ದು. ಹಳ್ಳಕ್ಕೆ ಕಿಂಡಿ ಅಣೆಕಟ್ಟು ಇದ್ದರೆ ಹಲಗೆ ಇಳಿಸುವ ಹೊತ್ತು ಮುಖ್ಯ. ತೀರಾ ಮುಂಚೆ ಇಳಿಸಿದರೆ ಕೊನೆಯ ಜೋರು ಮಳೆಗೆ ದಂಡೆ ಒಡೆಯುತ್ತದೆ, ತಡ ಮಾಡಿದರೆ ಹಿಡಿಯಲು ನೀರೇ ಇರುವುದಿಲ್ಲ. ಹರಿವು ಇಳಿಮುಖವಾಗಿ ತಿಳಿಯಾದ ವಾರವೇ ಎರಡು ಸಾಲು ಹಲಗೆ ಇಳಿಸಿ ನಡುವೆ ಜೇಡಿ ಮಣ್ಣು ಗಿಡಿಯಬೇಕು. ಅಳಿವೆ ಬದಿಯ, ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಒಡ್ಡಿನ ಬಾಗಿಲು ಭರತಿಗೆ ಮುಚ್ಚಿ ಇಳಿತಕ್ಕೆ ತೆರೆಯಬೇಕು. ಬಾಗಿಲು ಕೊಳೆತು ಉಪ್ಪು ಗಜನಿಗೆ (ಅಳಿವೆಯಂಚಿನ ತಗ್ಗು ಗದ್ದೆಗೆ) ನುಗ್ಗಿದರೆ ಹಿಂದಿನ ಕೇರಿಯ ಬಾವಿಗಳೆಲ್ಲ ಆ ಬೇಸಿಗೆಗೆ ಹೋದವು. ಗಜನಿಯ ಕಗ್ಗ ಭತ್ತ ಉಪ್ಪು ತಡೆದುಕೊಳ್ಳುತ್ತದೆ, ಬಾವಿ ತಡೆದುಕೊಳ್ಳದು.

ರಸ್ತೆಯ ಗಟಾರದ ನೀರನ್ನು ಸೋಸದೆ ಬೋರ್‌ಗೆ ಬಿಡುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ.

ನೀರು_ಪರೀಕ್ಷೆ

ಶೌಚದ ಗುಂಡಿ ಬಗ್ಗೆ ಯಾರೂ ಮಾತಾಡ್ತಾ ಇಲ್ಲ, ಮಾತಾಡಲು ಮುಜುಗರ. ಬಾವಿಗೂ ಗುಂಡಿಗೂ 50 ಅಡಿ ಬೇಕೆನ್ನುವುದು ವಾಡಿಕೆ. ಮೂರು ಗುಂಟೆ ಜಾಗದಲ್ಲಿ ನಿಮ್ಮ ಗುಂಡಿಯಿಂದ 50 ಅಡಿ ಬಿಟ್ಟರೆ ಪಕ್ಕದವರ ಗುಂಡಿಯಿಂದ 15 ಅಡಿ ಆಗಿರುತ್ತದೆ. ಅದೂ ಅಲ್ಲದೆ ಮಳೆಗಾಲದಲ್ಲಿ ನೀರಿನ ಮಟ್ಟ ಏರಿ ಗುಂಡಿಯ ತಳವೇ ಅಂತರ್ಜಲದಲ್ಲಿ ಮುಳುಗಿರುತ್ತದೆ, ನಡುವೆ ಸೋಸುವ ಒಣ ಮರಳೇ ಇರುವುದಿಲ್ಲ. ಹಾಗಾಗಿ ಉಪ್ಪಿನ ಕಾಟ ಏಪ್ರಿಲ್‌ನಲ್ಲಾದರೆ ಕ್ರಿಮಿಯ ಕಾಟ ಜುಲೈಯಲ್ಲಿ. ತಳ ತೆರೆದ ರಿಂಗ್ ಗುಂಡಿ ಬಿಟ್ಟು, ತಳ-ಗೋಡೆ ಗಾರೆ ಮಾಡಿದ ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್ ಕಟ್ಟಿ, ಅದರ ಹೊರನೀರನ್ನು ಬಡಾವಣೆಯ ಇಳಿಜಾರಿನ ತುದಿಗೆ ಒಯ್ದು ಏರಿಸಿದ ಮರಳು ಹಾಸಿನಲ್ಲಿ ಇಂಗಿಸಿ. ಮನೆಮನೆಗೆ ಬೇರೆ ಬೇರೆ ಮಾಡುವುದಕ್ಕಿಂತ ನಾಲ್ಕೈದು ಮನೆಗೆ ಒಂದು ಮಾಡಿದರೆ ಅಂತರ ಸಿಗುತ್ತದೆ.

ಬ್ಲೀಚಿಂಗ್ ಹಾಕುವ ಕ್ರಮ. ಬಾವಿಯ ನೀರು ಅಳೆಯಿರಿ: ಅಗಲ (ಮೀಟರ್) × ಅಗಲ × ನೀರಿನ ಆಳ × 785 = ಲೀಟರ್. ಒಂದೂವರೆ ಮೀಟರ್ ಅಗಲ, 2 ಮೀಟರ್ ನೀರಿದ್ದರೆ ಸುಮಾರು 3,500 ಲೀಟರ್. ಒಳ್ಳೆಯ ಪುಡಿ 1000 ಲೀಟರ್‌ಗೆ 2.5 ಗ್ರಾಂ. ಲೆಕ್ಕದಲ್ಲಿ 9 ಗ್ರಾಂ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹಾಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ತಿಳಿ ನೀರನ್ನು ಬೇರೆ ಬಕೆಟ್‌ಗೆ ಬಗ್ಗಿಸಿ, ತಳದ ಸುಣ್ಣ ಬಾವಿಗೆ ಹಾಕದೆ ಚೆಲ್ಲಿ. ತಿಳಿಯ ಬಕೆಟನ್ನು ಹಗ್ಗದಲ್ಲಿ ನೀರೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಬಿಟ್ಟು ಡಿಪಿಡಿ ಮಾತ್ರೆಯಿಂದ (ಕ್ಲೋರಿನ್ ಇದ್ದರೆ ನೀರಿಗೆ ಬಣ್ಣ ಬರಿಸುವ ಮಾತ್ರೆ) ನೋಡಿ, ಉಳಿದ ಕ್ಲೋರಿನ್ ಲೀಟರ್‌ಗೆ 0.5 ಮಿ.ಗ್ರಾಂ. ಬರಬೇಕು. ಬಾರದಿದ್ದರೆ ಪುಡಿ ಹಳೆಯದು, ಇಲ್ಲವೇ ನೀರಲ್ಲಿ ಕೊಳೆ, ಕಬ್ಬಿಣ ಹೆಚ್ಚು. ಕಬ್ಬಿಣ ಇದ್ದರೆ ಬ್ಲೀಚಿಂಗ್ ಬಿದ್ದ ಕೂಡಲೇ ನೀರು ಕೆಂಪಾಗುತ್ತದೆ, ಗಾಬರಿ ಬೇಡ, ಕೂತಮೇಲೆ ತಿಳಿಯಾಗುತ್ತದೆ. ಕರಾವಳಿಯ ತೇವಕ್ಕೆ ತೆರೆದ ಚೀಲದ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಸಣ್ಣ ಪೊಟ್ಟಣ ತನ್ನಿ, ಗಾಳಿಯಾಡದ ಡಬ್ಬಿಯಲ್ಲಿಡಿ.

ನೆರೆ ನುಗ್ಗಿದ ಬಾವಿಗೆ ಇದು ಸಾಲದು. ನೀರು ಪೂರ್ತಿ ಎತ್ತಿ, ರಿಂಗ್ ಉಜ್ಜಿ, ಮತ್ತೆ ಊರಿದ ನೀರಿಗೆ 1000 ಲೀಟರ್‌ಗೆ 200 ಗ್ರಾಂ. ಹಾಕಿ 12 ಗಂಟೆ ಮುಟ್ಟದೆ ಬಿಡಿ. ಆಮೇಲೆ ಆ ನೀರನ್ನೂ ಎತ್ತಿ ಚೆಲ್ಲಿ, ಮೀನಿರುವ ಹಳ್ಳಕ್ಕೆ ಮಾತ್ರ ಬಿಡಬೇಡಿ. ಬಾವಿಗೆ ಇಳಿಯುವವರ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಿದರೆ ಹೊಗೆಗೆ ಪ್ರಾಣ ಹೋಗುತ್ತದೆ.

ಕೋಡಿಬಾಗ_ಕಟ್ಟೆ

ಅಕ್ಕೋರೆ, ಟ್ಯಾಂಕರ್ ನೀರಿಗೆ?

ನೀರು_ಪರೀಕ್ಷೆ

ಸಂಪಿಗೆ ಬಿಡುವ ಮೊದಲು ಟ್ಯಾಂಕರ್ ನಳದಿಂದಲೇ ಒಂದು ಲೋಟ ಹಿಡಿದು ಟಿಡಿಎಸ್, ಕ್ಲೋರಿನ್ ಎರಡೂ ನೋಡಿ. ಕ್ಲೋರಿನ್ 0.2ಕ್ಕಿಂತ ಕಡಿಮೆ ಇದ್ದರೆ ಸಂಪಿನಲ್ಲಿ ನೀವೇ ಹಾಕಬೇಕು, 5,000 ಲೀಟರ್‌ಗೆ 12-13 ಗ್ರಾಂ. ಒಂದೊಂದು ದಿನ ಒಂದೊಂದು ಟಿಡಿಎಸ್ ಬಂದರೆ ಮೂಲ ಬದಲಾಗಿದೆ ಎಂದರ್ಥ, ಎಲ್ಲಿಂದ ತಂದಿರಿ ಎಂದು ಕೇಳಿ.

ಫುಟ್‌ವಾಲ್ವ್

ನಳದ ನೀರಿನ ಬಗ್ಗೆಯೂ ಒಂದು. ಕಾರವಾರ, ಅಂಕೋಲೆಗೆ ನೀರು ಬರುವುದು ಗಂಗಾವಳಿಯ ಹೊನ್ನಳ್ಳಿಯಿಂದ, ಅಷ್ಟು ದೂರದ ಪೈಪ್. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಪೈಪ್ ಖಾಲಿಯಾದಾಗ ಒಳಗೆ ಎಳೆತ ಹುಟ್ಟಿ, ಗಟಾರ ದಾಟುವ ಜಾಗದಲ್ಲಿ ಸಣ್ಣ ತೂತಿದ್ದರೂ ಕೊಳೆ ಒಳಗೆ ಹೀರಿಕೊಳ್ಳುತ್ತದೆ. ಮನೆಯ ಸಂಪರ್ಕ ಗಟಾರದೊಳಗೆ ಹಾದಿದ್ದರೆ ಮೇಲೆತ್ತಿ ಹಾಕಿಸಿ. ಮುಖ್ಯ ಲೈನಿಗೆ ನೇರ ಮೋಟಾರ್ ಕೂರಿಸುವವರು ಇಡೀ ಕೇರಿಗೆ ಆ ಕೊಳೆ ಹಂಚುತ್ತಾರೆ. ನೀರು ಬಂದ ಮೊದಲ ಐದು ನಿಮಿಷದ್ದನ್ನು ಕುಡಿಯಲು ಹಿಡಿಯಬೇಡಿ.

ಸಂಪ್ ಕಟ್ಟುವವರಿಗೆ: ಮರಳು ನೆಲದಲ್ಲಿ 5,000 ಲೀಟರ್ ಪ್ಲಾಸ್ಟಿಕ್ ಟ್ಯಾಂಕಿಯನ್ನು ನೆಲದೊಳಗೆ ಹೂತು, ಮಳೆಗಾಲದಲ್ಲಿ ಖಾಲಿ ಮಾಡಿ ತೊಳೆಯಲು ಹೋಗಬೇಡಿ. ಅಂತರ್ಜಲ ಅದನ್ನು ಐದು ಟನ್ ಬಲದಲ್ಲಿ ಮೇಲಕ್ಕೆ ಒತ್ತುತ್ತದೆ, ದೋಣಿಯ ಹಾಗೆ ಎದ್ದು ಪೈಪೆಲ್ಲ ಕಿತ್ತುಬರುತ್ತದೆ. ತಳಕ್ಕೆ ಕಾಂಕ್ರೀಟ್ ಹಾಸಿ, ಬೆಲ್ಟ್‌ನಿಂದ ಬಿಗಿದು ಹೂಳಿ. ತೊಳೆಯುವ ಕೆಲಸ ಮಾರ್ಚ್‌ನಲ್ಲಿ, ಮಟ್ಟ ಕೆಳಗಿದ್ದಾಗ ಮುಗಿಸಿ.